ಅವ್ವನ ಮೊಣಕಾಲು, ಮಗನ ಮೊದಲ ಸ್ಕೀ: ಆಲ್ಪ್ಸ್‌ನಲ್ಲಿ ಒಂದು ವಾರಕ್ಕೆ ಊರು ಆರಿಸಿದ ಪ್ರಕರಣ

ಮೊದಲ ಸಲ ತಪ್ಪಿದ್ದು

2024ರ ಫೆಬ್ರವರಿ, ಆಸ್ಟ್ರಿಯದಲ್ಲಿ ಉಷ್ಣತೆಯನ್ನು ಅಳೆದು ದಾಖಲಿಸಲು ತೊಡಗಿದ ಮೇಲೆ ಕಂಡ ಅತಿ ಬೆಚ್ಚಗಿನ ಫೆಬ್ರವರಿ. ಆ ತಿಂಗಳ ನಡುವಿನ ವಾರದಲ್ಲೇ ನಾವು ಮಕ್ಕಳನ್ನು ಕರೆದುಕೊಂಡು ಮೊದಲ ಬಾರಿ ಸ್ಕೀ, ಅಂದರೆ ಕಾಲಿಗೆ ಉದ್ದ ಪಟ್ಟಿ ಕಟ್ಟಿ ಹಿಮದ ಇಳಿಜಾರಿನಲ್ಲಿ ಜಾರುವುದನ್ನು ಕಲಿಸಲು ಅಲ್ಲಿಗೆ ಹೋದೆವು. ನಾವಿರುವುದು ಮ್ಯೂನಿಕ್‌ನಲ್ಲಿ. ಬವೇರಿಯದ ಶಾಲೆಗಳಿಗೆ ಕಾರ್ನಿವಲ್ ಹಬ್ಬದ ಹೊತ್ತಿಗೆ ಒಂದು ವಾರ ರಜೆ ಇರುತ್ತದೆ. ಆ ವಾರ ಅರ್ಧ ನಗರವೇ ದಕ್ಷಿಣದ ಬೆಟ್ಟಗಳ ಕಡೆಗೆ ಮುಖ ಮಾಡುತ್ತದೆ. ಕಾರಿನಲ್ಲಿ ಎರಡು ಗಂಟೆಯ ದಾರಿ, ಬಾಡಿಗೆ ಕಡಿಮೆ, ಸ್ಕೀ ಹಾದಿಗಳ ಒಟ್ಟು ಉದ್ದ ಬಹಳ. ಇಷ್ಟನ್ನೇ ನೋಡಿ ನಾವು ಹಣ ಕಟ್ಟಿದ್ದೆವು.

ಆ ಊರು ಸಮುದ್ರಮಟ್ಟದಿಂದ 750 ಮೀಟರ್ ಎತ್ತರದಲ್ಲಿತ್ತು. ನಾಲ್ಕು ದಿನ ಮಳೆ ಹೊಡೆಯಿತು. ಕಲಿಯುವವರ ಇಳಿಜಾರು ಊರಿನ ಪಕ್ಕದಲ್ಲೇ, ಇಡೀ ಸ್ಕೀ ಕ್ಷೇತ್ರದಲ್ಲಿ ಎಲ್ಲಕ್ಕಿಂತ ಕೆಳಗೆ. ಯಂತ್ರದಿಂದ ಹಾಸಿದ ಹಿಮದ ಒಂದು ಬಿಳಿಯ ಪಟ್ಟಿ, ಅದರ ಎರಡೂ ಬದಿಗೆ ಹುಲ್ಲು ಮತ್ತು ಕೆಸರು. ಚೆನ್ನಾಗಿ ಬಲ್ಲವರು ತಂತಿಯ ಮೇಲೆ ಬೆಟ್ಟ ಹತ್ತಿಸುವ ಲಿಫ್ಟ್ ಹಿಡಿದು ಮೇಲಿನ ಒಳ್ಳೆಯ ಹಿಮಕ್ಕೆ ಹೋಗಿಬಿಡುತ್ತಿದ್ದರು. ಕಲಿಯುವ ಮಕ್ಕಳ ಪಾಲಿಗೆ ಕೆಳಗಿನ ರಾಡಿಯೇ ಉಳಿಯಿತು. ಲಿಫ್ಟಿಗೆ 300 ಮೀಟರ್ ಎಂದು ಬರೆದಿದ್ದ ಮನೆಯಿಂದ ಆ 300 ಮೀಟರೂ ಏರು ರಸ್ತೆ. ಬೆಳಿಗ್ಗೆ ಅದರ ಮೇಲೆ ಗಾಜಿನ ಹಾಗೆ ನೀರ್ಗಲ್ಲು ಕಟ್ಟಿರುತ್ತಿತ್ತು. ಹೆಗಲ ಮೇಲೆ ನಾಲ್ಕು ಜೊತೆ ಸ್ಕೀ ಹೊತ್ತು, ಎರಡು ಮಕ್ಕಳ ಕೈ ಹಿಡಿದು ಅದನ್ನು ಹತ್ತುವುದರಲ್ಲೇ ನಮ್ಮ ಬೆಳಗು ಮುಗಿಯುತ್ತಿತ್ತು.

ಎರಡನೆಯ ದಿನ ನಾಲ್ಕು ವರ್ಷದ ಮಗ ತರಗತಿಯ ನಡುವೆ ಅಳತೊಡಗಿದ. ಕಾಲು ಚಳಿ, ಕಾಲು ಚಳಿ ಎಂದು ಒಂದೇ ಸಮನೆ ಹೇಳುತ್ತಿದ್ದ. ಚಳಿಯಾದೀತೆಂದು ನಾನೇ ಅವನಿಗೆ ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿದ್ದೆ. ಕಲಿಸುತ್ತಿದ್ದ ಹೆಣ್ಣುಮಗಳು ಅವನನ್ನು ಬೆಂಚಿನ ಮೇಲೆ ಕೂರಿಸಿ, ಬೂಟಿನ ಕೊಂಡಿ ಬಿಚ್ಚಿ, ಕಾಲನ್ನು ಹೊರಗೆಳೆದಳು. ಪಾದ ಬೆಳ್ಳಗಾಗಿತ್ತು, ಮೀಗಾಲಿನ ಮೇಲೆ ಕಾಲುಚೀಲದ ನೆರಿಗೆಗಳು ಬರೆ ಎಳೆದಂತೆ ಮೂಡಿದ್ದವು. ಗಟ್ಟಿ ಬೂಟಿನೊಳಗೆ ಎರಡು ಪದರ ತುರುಕಿದರೆ ರಕ್ತ ಓಡುವುದಿಲ್ಲ, ರಕ್ತ ಓಡದ ಕಾಲು ಬೆಚ್ಚಗಾಗುವುದಿಲ್ಲ ಎಂದು ಅವಳು ತಿಳಿಸಿ ಹೇಳಿದಳು. ಒಂದು ಜೊತೆ ತೆಗೆದು, ಪಾದವನ್ನು ತನ್ನ ಎರಡೂ ಅಂಗೈಯಲ್ಲಿ ಹಿಡಿದು ಉಜ್ಜಿ, ಮತ್ತೆ ಬೂಟು ತೊಡಿಸಿದಳು. ಹತ್ತು ನಿಮಿಷಕ್ಕೆ ಅಳು ನಿಂತಿತು. ಆದರೆ ಆ ವಾರ ಅವನು ಮತ್ತೆ ಸ್ಕೀ ಮೇಲೆ ನಿಲ್ಲಲು ಒಪ್ಪಲಿಲ್ಲ.

ರಾತ್ರಿ ಧಾರವಾಡಕ್ಕೆ ಫೋನು ಮಾಡಿದಾಗ ಇದೆಲ್ಲವನ್ನೂ ಅಪ್ಪನಿಗೆ ಹೇಳಿಕೊಂಡೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು ಅವರು. ಎಲ್ಲವನ್ನೂ ಕೇಳಿಸಿಕೊಂಡು, "ತಂಗಿ, ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ನಿನಗೇ ಕಲಿಸಿದ್ದೆನಲ್ಲ. ಕೆಳಗೆ ನಾಲ್ಕು ಡಿಗ್ರಿಯಲ್ಲಿ ಮಳೆ ಬೀಳುವ ದಿನ, ಸಾವಿರ ಮೀಟರ್ ಮೇಲೆ ಹಿಮವೇ ಬೀಳುತ್ತದೆ. ನೀನು ಊರಿನ ಎತ್ತರ ನೋಡಲೇ ಇಲ್ಲವೇ?" ಎಂದು ಕೇಳಿದರು. ನೋಡಿರಲಿಲ್ಲ. ನೋಡಿದ್ದರೂ ಶಿಖರದ ಎತ್ತರವನ್ನು ನೋಡಿರುತ್ತಿದ್ದೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇರುವುದು ಅದೇ.

ಆರು ಜನ

ಮರುವರ್ಷದ ರಜೆ 2025ರ ಮಾರ್ಚ್ 3ರಿಂದ 7ರವರೆಗೆ ಬಂದಿತ್ತು. ಈಸ್ಟರ್ ತಡವಾದ ವರ್ಷ ಕಾರ್ನಿವಲ್ ಕೂಡ ತಡವಾಗುತ್ತದೆ, ಅದರ ಬೆನ್ನಿಗೆ ರಜೆಯೂ ಹಿಂದೆ ಸರಿಯುತ್ತದೆ. ಮಾರ್ಚ್ ಎಂದರೆ ತಗ್ಗಿನ ಊರುಗಳಲ್ಲಿ ಹಿಮದ ಆಸೆ ಇನ್ನೂ ಕಡಿಮೆ. ಜೊತೆಗೆ ಆ ವರ್ಷ ಅಪ್ಪ ಮತ್ತು ಅವ್ವ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾವನ್ನು ತೊಂಬತ್ತು ದಿನಗಳಿಗೆ ಪಡೆದು ನಮ್ಮಲ್ಲಿಗೆ ಬರುವವರಿದ್ದರು. ನಾಲ್ವರ ಪ್ರವಾಸ ಆರು ಜನರದ್ದಾಯಿತು.

ಸೆಪ್ಟೆಂಬರಿನ ಒಂದು ಭಾನುವಾರ ನಾನು ಮತ್ತು ನನ್ನ ಪತಿ ಕಾಗದ ಹಿಡಿದು ಕೂತೆವು. ಊರುಗಳ ಹೆಸರು ಬರೆಯುವ ಮೊದಲು ಮನುಷ್ಯರ ಹೆಸರು ಬರೆದೆವು. ಈ ಪ್ರಕರಣದಲ್ಲಿ ಬೇರೆಯವರಿಗೂ ಉಪಯೋಗಕ್ಕೆ ಬರುವ ಒಂದು ಹೆಜ್ಜೆ ಇದೆ ಎಂದರೆ ಅದು ಇದೇ ಎಂದು ನಾನು ನಂಬುತ್ತೇನೆ.

ಅಪ್ಪನಿಗೆ 72 ವರ್ಷ, ರಕ್ತದೊತ್ತಡಕ್ಕೆ ದಿನವೂ ಮಾತ್ರೆ. ನಡಿಗೆ ಗಟ್ಟಿ. ಅವ್ವನಿಗೆ 67, ಬಲ ಮೊಣಕಾಲು ಸವೆದಿದೆ. ಸಮತಟ್ಟಿನಲ್ಲಿ ಅರ್ಧ ಗಂಟೆ ನಡೆಯುತ್ತಾಳೆ, ಮೆಟ್ಟಿಲು ಇಳಿಯುವುದು ಕಷ್ಟ. ಮೊಟ್ಟೆ ಬೆರೆತದ್ದನ್ನು ಮುಟ್ಟುವುದಿಲ್ಲ. ಮಗಳಿಗೆ 9, ಹಿಂದಿನ ವರ್ಷ ಅಷ್ಟಿಷ್ಟು ಕಲಿತವಳು, ವೇಗದ ಹುಚ್ಚು. ಮಗನಿಗೆ 5, ಸ್ಕೀ ಎಂದರೆ ಅಳು. ಪತಿ ಜರ್ಮನಿಗೆ ಓದಲು ಬಂದಾಗಿನಿಂದ ಸ್ಕೀ ಮಾಡುತ್ತಿರುವವರು, ಕೆಂಪು ಗುರುತಿನ ಹಾದಿಗಳಲ್ಲಿ ಸಲೀಸಾಗಿ ಇಳಿಯಬಲ್ಲರು. ಆಲ್ಪ್ಸ್‌ನಲ್ಲಿ ಸುಲಭದ ಹಾದಿಗೆ ನೀಲಿ, ನಡುವಿನದಕ್ಕೆ ಕೆಂಪು, ಕಠಿಣವಾದುದಕ್ಕೆ ಕಪ್ಪು ಗುರುತು. ಫ್ರಾನ್ಸಿನಲ್ಲಿ ನೀಲಿಗಿಂತಲೂ ಸುಲಭದ ಹಸಿರು ಬೇರೆ ಇದೆ. ನಾನು ನೀಲಿಯವಳು.

ಕಾಗದ ನೋಡಿದ ಮೇಲೆ ಒಂದು ಮಾತು ಸ್ಪಷ್ಟವಾಯಿತು. ಆರು ಜನರಲ್ಲಿ ದೊಡ್ಡ ಕ್ಷೇತ್ರದ ಅಗತ್ಯ ಇರುವುದು ಒಬ್ಬರಿಗೆ. ಇಬ್ಬರು ಸ್ಕೀಯನ್ನೇ ಮುಟ್ಟುವುದಿಲ್ಲ. ಅವರ ದಿನ ಹೇಗೆ ಕಳೆಯುತ್ತದೆ ಎಂಬುದರ ಮೇಲೆ ಇಡೀ ಮನೆಯ ವಾರ ನಿಂತಿದೆ. ಬೆಳಿಗ್ಗೆ ಒಂಬತ್ತಕ್ಕೆ ನಾವು ಹೊರಟು ಸಂಜೆ ನಾಲ್ಕಕ್ಕೆ ಬರುವವರೆಗೆ ಇಬ್ಬರು ಹಿರಿಯರು ಕಿಟಕಿಯ ಹೊರಗೆ ನೋಡುತ್ತ ಕೂರುವ ಊರಿಗೆ ಹೋಗುವುದಿಲ್ಲ ಎಂದು ಆಗಲೇ ನಿರ್ಧರಿಸಿದೆವು. ಪತಿ ಅದನ್ನು ತಾವಾಗಿ ಹೇಳಿದರು. ಅತಿ ಹೆಚ್ಚು ಬಿಟ್ಟುಕೊಡಬೇಕಾಗಿದ್ದವರೂ ಅವರೇ.

ಇನ್ನೊಂದು ಅಗತ್ಯ ನಾವು ಎಣಿಸಿರಲಿಲ್ಲ, ಬರೆಯುತ್ತ ಕೂತಾಗ ಹೊಳೆಯಿತು. ಮಗನಿಗೆ ಬರುವುದು ಕನ್ನಡ ಮತ್ತು ಜರ್ಮನ್. ಹೆದರಿದ ಐದು ವರ್ಷದ ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ಧೈರ್ಯ ಹೇಳುವುದು ಯಾರಿಂದಲೂ ಆಗದು. ಕಲಿಸುವವರು ಜರ್ಮನ್ ಆಡುವವರೇ ಆಗಿರಬೇಕು.

ಪಟ್ಟಿಯಲ್ಲಿದ್ದ ಊರುಗಳು

ಮೊದಲ ಹೆಸರು ಅಪ್ಪನದು: ಸ್ವಿಟ್ಜರ್ಲೆಂಡಿನ ಝೆರ್ಮಾಟ್. ಅವರ ಹಳೆಯ ಶಾಲೆಯ ಗೋಡೆಯ ಮೇಲೆ ಮ್ಯಾಟರ್‌ಹಾರ್ನ್ ಶಿಖರದ ಚಿತ್ರವಿದ್ದ ಕ್ಯಾಲೆಂಡರ್ ಒಂದು ವರ್ಷ ಮುಗಿದ ಮೇಲೂ ತೂಗುತ್ತಿತ್ತು. 4478 ಮೀಟರ್ ಎಂಬ ಸಂಖ್ಯೆಯನ್ನು ಅವರು ಇಂದಿಗೂ ತಡವರಿಸದೆ ಹೇಳುತ್ತಾರೆ. ಝೆರ್ಮಾಟ್ ಸುಮಾರು 1600 ಮೀಟರ್ ಎತ್ತರದ ಊರು, ಪೆಟ್ರೋಲ್ ಕಾರುಗಳಿಗೆ ಪ್ರವೇಶವಿಲ್ಲ, 1898ರಿಂದ ಓಡುತ್ತಿರುವ ಗೊರ್ನರ್‌ಗ್ರಾಟ್ ಹಲ್ಲುಗಾಲಿ ರೈಲು ಹತ್ತಿದರೆ ಸ್ಕೀ ಬಾರದವರೂ 3089 ಮೀಟರಿಗೆ ತಲುಪುತ್ತಾರೆ. ಹಿಮಕ್ಕೆ ಕೊರತೆಯೇ ಇಲ್ಲ. ಆದರೂ ಬಿಟ್ಟೆವು. ಮ್ಯೂನಿಕ್‌ನಿಂದ ರೈಲು ಬದಲಿಸುತ್ತ ಏಳೆಂಟು ಗಂಟೆ. ಎಲ್ಲಕ್ಕೂ ಸ್ವಿಸ್ ಫ್ರಾಂಕಿನ ದರ. ಕಲಿಯುವ ಮಕ್ಕಳ ಇಳಿಜಾರು ಊರಿನಿಂದ ಮೇಲೆ, ಮತ್ತೊಂದು ರೈಲಿನ ದಾರಿ. ರಕ್ತದೊತ್ತಡ ಇರುವವರನ್ನು ಅರ್ಧ ತಾಸಿನಲ್ಲಿ 3000 ಮೀಟರಿಗೆ ಏರಿಸಲು ನನಗೆ ಮನಸ್ಸಾಗಲಿಲ್ಲ. ಅಪ್ಪ ಏನೂ ಹೇಳಲಿಲ್ಲ, "ಅದು ಎಲ್ಲಿಗೂ ಹೋಗುವುದಿಲ್ಲ ಬಿಡು" ಎಂದರು. ಆ ಮಾತು ನನ್ನನ್ನು ಬಹಳ ದಿನ ಚುಚ್ಚಿತು.

ಪತಿಯ ಸಹೋದ್ಯೋಗಿಗಳು ಹೇಳಿದ್ದು ಫ್ರಾನ್ಸಿನ ವಾಲ್ ತೊರಾನ್ಸ್. 2300 ಮೀಟರ್ ಎತ್ತರದ ಊರು. ಅಕ್ಕಪಕ್ಕದ ಕಣಿವೆಗಳೂ ಸೇರಿದರೆ 600 ಕಿ.ಮೀ. ಹಾದಿ. ಮಾರ್ಚಿನಲ್ಲೂ ಹಿಮ ಖಂಡಿತ. ಆದರೆ ಮಲಗುವುದೇ 2300 ಮೀಟರಿನಲ್ಲಿ, ಸುತ್ತ ಮರವಿಲ್ಲ, ಭಾಷೆ ಫ್ರೆಂಚ್. ಐದು ನಿಮಿಷದಲ್ಲಿ ಪಟ್ಟಿಯಿಂದ ಹೋಯಿತು.

ಆಸ್ಟ್ರಿಯದ ಟಿರೋಲ್ ಪ್ರಾಂತ್ಯದ ಜೆಫೆಲ್ಡ್ ಹಿರಿಯರಿಗೆ ಹೇಳಿ ಮಾಡಿಸಿದ ಊರು. 1912ರಲ್ಲಿ ತೆರೆದ ರೈಲು ಮಾರ್ಗ ನೇರ ಊರ ನಡುವಿಗೇ ತಂದು ಬಿಡುತ್ತದೆ; ಮೇಲೆ ಬಿಸಿಲು ಬೀಳುವ ವಿಶಾಲ ಬಯಲು, ಕೆರೆಯ ಸುತ್ತ ನಡೆಯುವ ದಾರಿ, ಕುದುರೆ ಬಂಡಿ. ಸಮತಟ್ಟಿನ ಮೇಲೆ ಸಾಗುವ ಉದ್ದದಾರಿ ಸ್ಕೀಗೆ ಹೆಸರಾದ ಸ್ಥಳ. 1964 ಮತ್ತು 1976ರ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನ ಆ ಸ್ಪರ್ಧೆಗಳು ಇಲ್ಲೇ ನಡೆದವು. ಜನವರಿಯಾಗಿದ್ದರೆ ಕಣ್ಣುಮುಚ್ಚಿ ಹೋಗುತ್ತಿದ್ದೆವು. ಆದರೆ 1180 ಮೀಟರ್, ಅದೂ ಮಾರ್ಚ್. ಹಿಂದಿನ ವರ್ಷದ ಮಳೆ ಇನ್ನೂ ನಮ್ಮ ಮೈಮೇಲೆ ಇತ್ತು.

ಕಡೆಗೆ ಉಳಿದವು ಎರಡು. ನಿಜವಾದ ತೂಗಾಟ ನಡೆದದ್ದು ಇವೆರಡರ ನಡುವೆ.

ಒಂದು, ಟಿರೋಲ್‌ನ ಜೆರ್ಫಾಸ್. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಊರನ್ನು ನಾನು ಕಂಡಿಲ್ಲ. 1400 ಮೀಟರಿಗೂ ಮೇಲಿರುವ ಸಣ್ಣ ಹಳ್ಳಿ. ಬೀದಿಯಲ್ಲಿ ಕಾರುಗಳ ಓಡಾಟ ತಪ್ಪಿಸಲೆಂದು 1985ರಲ್ಲಿ ನೆಲದಡಿ ಒಂದು ಪುಟ್ಟ ರೈಲನ್ನೇ ಕಟ್ಟಿಕೊಂಡಿದ್ದಾರೆ. ನಾಲ್ಕು ನಿಲ್ದಾಣ, ಹತ್ತಲು ಟಿಕೆಟ್ ಬೇಡ. ಮಕ್ಕಳ ಕಲಿಕೆಯ ಅಂಗಳ ಊರ ಕೆಳಗಿಲ್ಲ. ತಂತಿಯ ಮೇಲೆ ಸಾಗುವ ಮುಚ್ಚಿದ ಪೆಟ್ಟಿಗೆಯಂಥ ಗೊಂಡೋಲದಲ್ಲಿ ಏರಿದರೆ ಸಿಗುವ ಕೊಂಪರ್‌ಡೆಲ್‌ನಲ್ಲಿ, ಸುಮಾರು 1980 ಮೀಟರ್ ಎತ್ತರದಲ್ಲಿದೆ. ನಮಗೆ ಬೇಕಾದದ್ದು ಇದೇ ಆಗಿತ್ತು.

ಇನ್ನೊಂದು, ಇಟಲಿಯ ದಕ್ಷಿಣ ಟಿರೋಲ್‌ನ ಜೈಸರ್ ಆಲ್ಮ್. ಇಟಲಿಯವರು ಅಲ್ಪೆ ದಿ ಸಿಯುಸಿ ಎನ್ನುತ್ತಾರೆ. ಮೊದಲ ಮಹಾಯುದ್ಧದ ನಂತರ ಆಸ್ಟ್ರಿಯದ ಕೈಯಿಂದ ಇಟಲಿಗೆ ಹೋದ ನಾಡು. ಮನೆಮಾತು ಇಂದಿಗೂ ಬಹುಪಾಲು ಜರ್ಮನ್. ಊರಿನ ಫಲಕಗಳಲ್ಲಿ ಜರ್ಮನ್ ಮತ್ತು ಇಟಾಲಿಯನ್. ಕಣಿವೆ ದಾಟಿದರೆ ಲಾದಿನ್ ಎಂಬ ಮೂರನೆಯ ಪುಟ್ಟ ಭಾಷೆ. ಜೈಸರ್ ಆಲ್ಮ್ ಊರಲ್ಲ, ಹುಲ್ಲುಗಾವಲು. ಯುರೋಪಿನಲ್ಲೇ ಅತಿ ದೊಡ್ಡ ಎತ್ತರದ ಹುಲ್ಲುಗಾವಲು, 56 ಚದರ ಕಿ.ಮೀ.; 1680ರಿಂದ 2350 ಮೀಟರ್‌ವರೆಗೆ ಅಲೆ ಅಲೆಯಾಗಿ ಹಬ್ಬಿದೆ. ಚಳಿಗಾಲದಲ್ಲಿ ಅದೇ ಬಿಳಿಯ ಬಯಲು. ಹೆಚ್ಚಿನ ಹಾದಿಗಳು ನೀಲಿ ಮತ್ತು ಸುಲಭದ ಕೆಂಪು. ನಡೆಯುವವರಿಗೆ ಹಿಮವನ್ನು ಒತ್ತಿ ಮಾಡಿದ ಪ್ರತ್ಯೇಕ ದಾರಿಗಳು, ಅಲ್ಲಲ್ಲಿ ಕೂತು ಬಿಸಿ ಕುಡಿಯಲು ಮರದ ಗುಡಿಸಲುಗಳು. ಹಗಲು ಒಂಬತ್ತರಿಂದ ಐದರವರೆಗೆ ಹೊರಗಿನ ಕಾರುಗಳಿಗೆ ರಸ್ತೆ ಮುಚ್ಚಿರುತ್ತದೆ.

ಮಕ್ಕಳ ಲೆಕ್ಕದಲ್ಲಿ ಜೆರ್ಫಾಸ್ ಮುಂದೆ. ಹಿರಿಯರ ಲೆಕ್ಕದಲ್ಲಿ ಜೈಸರ್ ಆಲ್ಮ್ ಬಹಳ ಮುಂದೆ. ಊಟದ ಮಾತು ಬಂದಾಗ ತಕ್ಕಡಿ ಪೂರ್ತಿ ವಾಲಿತು. ಆಸ್ಟ್ರಿಯದ ಬೆಟ್ಟದ ಹೋಟೆಲಿನಲ್ಲಿ ಮಾಂಸವಿಲ್ಲದ್ದು ಎಂದರೆ ಸಾಮಾನ್ಯವಾಗಿ ಚೀಸ್ ಬೆರೆಸಿದ ಶ್ಪೆಟ್ಸ್‌ಲೆ ಎಂಬ ಹಿಟ್ಟಿನ ತುಣುಕುಗಳು ಅಥವಾ ಕೈಸರ್‌ಶ್ಮಾರ್ನ್ ಎಂಬ ಸಿಹಿ ದೋಸೆಯ ಚೂರುಗಳು, ಎರಡರಲ್ಲೂ ಮೊಟ್ಟೆ. ಚೀಸಿನ ಉಂಡೆ ಕೇಳಿದರೆ ಅದು ಬರುವುದು ದನದ ಮಾಂಸದ ಸಾರಿನಲ್ಲಿ. ಇಟಲಿಯಲ್ಲಿ ಒಣ ಪಾಸ್ತಾಕ್ಕೆ ಮೊಟ್ಟೆ ಹಾಕುವುದಿಲ್ಲ, ಗೋಧಿ ರವೆ ಮತ್ತು ನೀರು ಮಾತ್ರ. ಟೊಮೆಟೊ ಗೊಜ್ಜಿನ ಪಾಸ್ತಾ, ಮೆಕ್ಕೆಜೋಳದ ಪೊಲೆಂತ, ಪಿಜ್ಜಾ. ಪಾರ್ಮೆಸಾನ್ ಚೀಸ್ ಮಾತ್ರ ಬೇಡವೆನ್ನಬೇಕು. ಅದನ್ನು ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವದಿಂದ. ಹಾಲಿನದೇ ತಾನೆ ಎಂದು ಸಸ್ಯಾಹಾರಿಗಳು ಹಾಕಿಸಿಕೊಳ್ಳುತ್ತಾರೆ, ಯಾರೂ ಹೇಳುವುದಿಲ್ಲ. ಅವ್ವನಿಗೆ ತಿಳಿಸದೆ ತಿನ್ನಿಸಲು ನನ್ನಿಂದಾಗದು.

ಅಪ್ಪನಿಗೆ ಸುದ್ದಿ ಹೇಳಲು ಹಿಂಜರಿಯುತ್ತಲೇ ಫೋನು ಮಾಡಿದೆ. ಮ್ಯಾಟರ್‌ಹಾರ್ನ್ ಇಲ್ಲ, ಜೈಸರ್ ಆಲ್ಮ್ ಇರುವ ಡೊಲೊಮೈಟ್ಸ್ ಬೆಟ್ಟಗಳು ಎಂದೆ. ಆ ಕಡೆ ಎರಡು ಕ್ಷಣ ಮೌನ. ಆಮೇಲೆ ಅವರ ದನಿಯೇ ಬದಲಾಯಿತು. "ಅದು ಕಡಲ ತಳದ ಕಲ್ಲು ತಂಗಿ! ಹವಳದ ದಿಬ್ಬಗಳು. ಇಪ್ಪತ್ತು ಕೋಟಿ ವರ್ಷಕ್ಕೂ ಹಿಂದಿನವು. ಆಫ್ರಿಕ ಬಂದು ಒತ್ತಿದ್ದರಿಂದ ಮೇಲೆದ್ದವು." ಆ ಕಲ್ಲಿಗೆ 18ನೇ ಶತಮಾನದ ಫ್ರೆಂಚ್ ಭೂವಿಜ್ಞಾನಿ ದೊಲೊಮ್ಯೂ ಹೆಸರನ್ನು ಇಟ್ಟದ್ದು, ಬೆಟ್ಟಗಳಿಗೂ ಅದೇ ಹೆಸರು ಬಂದದ್ದು, 2009ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಎಲ್ಲವನ್ನೂ ಅವರೇ ನನಗೆ ಹೇಳಿದರು. ಅಂದು ನನ್ನ ಎದೆಯ ಭಾರ ಇಳಿಯಿತು.

ಮಲಗುವುದು ಕೆಳಗೆ, ಆಡುವುದು ಮೇಲೆ

ಹುಲ್ಲುಗಾವಲಿನ ಮೇಲೆಯೇ, ಕಂಪಾಚ್ ಎಂಬಲ್ಲಿ 1850 ಮೀಟರ್ ಎತ್ತರದಲ್ಲಿ ಹೋಟೆಲುಗಳಿವೆ. ಬಾಗಿಲು ತೆರೆದರೆ ಹಿಮ. ಬಹಳ ಜನ ಅದನ್ನೇ ಬಯಸುತ್ತಾರೆ, ಮಕ್ಕಳು ಮಾತ್ರ ಇದ್ದಿದ್ದರೆ ನಾನೂ ಬಯಸುತ್ತಿದ್ದೆ. ನಾವು ಆರಿಸಿದ್ದು ಕೆಳಗಿನ ಜೈಸ್ ಎಂಬ ಹಳ್ಳಿಯನ್ನು, ಸುಮಾರು 1000 ಮೀಟರ್. ಅಲ್ಲಿಂದ ಮೇಲಕ್ಕೆ ಗೊಂಡೋಲದಲ್ಲಿ ಹದಿನೈದು ನಿಮಿಷ.

ಕಾರಣ ಅಪ್ಪನ ಒತ್ತಡ. ಎತ್ತರದ ಜಾಗದಲ್ಲಿ ಹಗಲು ಓಡಾಡುವುದಕ್ಕಿಂತ ರಾತ್ರಿ ಮಲಗುವುದು ಮೈಗೆ ಹೆಚ್ಚು ಕಷ್ಟ; ಉಸಿರು ಏರುಪೇರಾಗಿ ನಿದ್ರೆ ಕೆಡುತ್ತದೆ. ಧಾರವಾಡದ ವೈದ್ಯರೂ ಅದನ್ನೇ ಹೇಳಿದರು: ಹಗಲು 1850 ಮೀಟರ್ ಆಗಬಹುದು, ಮಲಗುವುದು ಕೆಳಗಿರಲಿ, ಮೊದಲ ದಿನ ವಿಶ್ರಾಂತಿ ಇರಲಿ. ಕೆಳಗಿನ ಹಳ್ಳಿಯಲ್ಲಿ ಅಂಗಡಿ, ಔಷಧದಂಗಡಿ, ಚರ್ಚು, ಜನ ಕೂರುವ ಕಟ್ಟೆ ಇರುತ್ತವೆ. ಮೇಲೆ ಗಾಳಿ ಎದ್ದು ಮಂಜು ಮುಸುಕಿದ ದಿನ ಹಿರಿಯರಿಗೆ ಕೆಳಗೆ ಒಂದು ಬದುಕು ಇರುತ್ತದೆ. ಹಳ್ಳಿಯವರೆಗೆ ಸ್ಕೀ ಹಾದಿ ಇಲ್ಲ, ಇಳಿಯುವುದೂ ಗೊಂಡೋಲದಲ್ಲೇ. ಪರಿಣತರಿಗೆ ಇದು ಕೊರತೆಯೆನಿಸಬಹುದು. ನಮ್ಮಂಥವರಿಗೆ ಇದು ರಕ್ಷಣೆ. ಸಂಜೆ ದಣಿದ ಕಾಲುಗಳಲ್ಲಿ ಕರಗಿದ ಹಿಮದ ಮೇಲೆ ಊರಿನವರೆಗೆ ಇಳಿಯುವಾಗಲೇ ಮಕ್ಕಳು ಬೀಳುವುದು.

ಮನೆ ಹಿಡಿಯುವಾಗ ಈ ಸಲ ಮೀಟರುಗಳನ್ನು ನಂಬಲಿಲ್ಲ. ಮಾಲಕಿಗೆ ನೇರವಾಗಿ ಫೋನು ಮಾಡಿ ಕೇಳಿದೆ: ಬಾಗಿಲಿನಿಂದ ಗೊಂಡೋಲಕ್ಕೆ ಏರು ಇದೆಯೇ? ಬಸ್ಸು ನಿಲ್ಲುವುದು ಎಲ್ಲಿ? ಒಳಗೆ ಎಷ್ಟು ಮೆಟ್ಟಿಲು? ಸ್ನಾನದ ಮನೆಯಲ್ಲಿ ಹಿಡಿದುಕೊಳ್ಳಲು ಏನಾದರೂ ಇದೆಯೇ? ಒಲೆ ಎಂಥದ್ದು? ಆ ಹೆಂಗಸು ಒಂದೊಂದಕ್ಕೂ ಸಮಾಧಾನದಿಂದ ಉತ್ತರ ಕೊಟ್ಟರು, ಕಡೆಯಲ್ಲಿ ತಮ್ಮ ತಾಯಿಗೂ ಮೊಣಕಾಲು ನೋವೆಂದರು. ನೆಲಮಹಡಿಯ ಮನೆ, ಅಡುಗೆಮನೆ ಸಮೇತ, ಬಾಗಿಲ ಹತ್ತಿರವೇ ಬಸ್ಸು. ಅಕ್ಟೋಬರಿನಲ್ಲೇ ಮುಂಗಡ ಕೊಟ್ಟೆವು. ಶನಿವಾರದಿಂದ ಶನಿವಾರಕ್ಕೆ.

ದಾರಿಯ ಲೆಕ್ಕವೂ ಬದಲಾಯಿತು. ಆಸ್ಟ್ರಿಯದಿಂದ ಇಟಲಿಗೆ ಹೋಗುವ ಬ್ರೆನ್ನರ್ ಹೆದ್ದಾರಿಯ ಲ್ಯೂಗ್ ಸೇತುವೆ ಹಳತಾಗಿ, 2025ರ ಜನವರಿ 1ರಿಂದ ಅದರ ಮೇಲೆ ಪ್ರತಿ ದಿಕ್ಕಿಗೂ ಒಂದೇ ಪಥ. ದಟ್ಟಣೆಯ ದಿನಗಳಲ್ಲಿ ಮಾತ್ರ ಎರಡು ಬಿಡುತ್ತಾರೆ. ರಜೆಯ ಶನಿವಾರ ಅಲ್ಲಿ ಸಿಕ್ಕಿಬಿದ್ದರೆ ಅವ್ವನ ಮೊಣಕಾಲಿನ ಗತಿ ಏನು? ರೈಲು ಹಿಡಿದೆವು. ಮ್ಯೂನಿಕ್‌ನಿಂದ ಬೋಲ್ಜಾನೊಗೆ ನಾಲ್ಕು ಗಂಟೆ, ಅಲ್ಲಿಂದ ಬಸ್ಸು. 1867ರಲ್ಲಿ ತೆರೆದ ಆ ಮಾರ್ಗ 1370 ಮೀಟರ್ ಎತ್ತರದ ಬ್ರೆನ್ನರ್ ಕಣಿವೆದಾರಿಯನ್ನು ಏರಿ ಇಳಿಯುತ್ತದೆ. ಅಪ್ಪ ಕಿಟಕಿ ಬಿಟ್ಟು ಅಲುಗಲಿಲ್ಲ.

ವಿಮೆಯ ಮಾತನ್ನು ಬಿಡಬಾರದು. ಷೆಂಗೆನ್ ವೀಸಾಕ್ಕೆ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ, ಅದು ಅಪ್ಪ ಅವ್ವನಿಗೆ ಇತ್ತು. ಆದರೆ ಮೊದಲೇ ಇರುವ ಕಾಯಿಲೆಗಳಿಗೆ ಅನ್ವಯಿಸುತ್ತದೆಯೇ ಎಂದು ಸಾಲುಸಾಲಾಗಿ ಓದಿ, ಅನ್ವಯಿಸುವ ಪಾಲಿಸಿಗೆ ಬದಲಿಸಿದೆವು. ಇಟಲಿಯಲ್ಲಿ 2022ರಿಂದ ಸ್ಕೀ ಮಾಡುವವರೆಲ್ಲ ಬೇರೆಯವರಿಗೆ ಆಗುವ ಹಾನಿಗೆ ವಿಮೆ ಇಟ್ಟುಕೊಂಡಿರಲೇಬೇಕು. ನಾವು ಹೋದಾಗ 18 ವರ್ಷದೊಳಗಿನವರಿಗೆ ಹೆಲ್ಮೆಟ್ ಕಡ್ಡಾಯವಿತ್ತು, 2025–26ರ ಚಳಿಗಾಲದಿಂದ ಅದು ಎಲ್ಲರಿಗೂ ಕಡ್ಡಾಯ.

ಖರ್ಚಿನಲ್ಲಿ ಮನೆ ಬಾಡಿಗೆ ಮೊದಲು, ಸ್ಕೀ ಶಾಲೆ ಎರಡನೆಯದು, ಲಿಫ್ಟ್ ಪಾಸು ಮೂರನೆಯದು. ಈಚಿನ ಚಳಿಗಾಲಗಳಲ್ಲಿ ಆಲ್ಪ್ಸ್‌ನ ದೊಡ್ಡ ಕ್ಷೇತ್ರಗಳಲ್ಲಿ ದೊಡ್ಡವರ ದಿನದ ಪಾಸು 70 ಯೂರೊ ದಾಟಿದೆ. 1200 ಕಿ.ಮೀ. ಹಾದಿಗಳಿಗೆ ಸಲ್ಲುವ ಡೊಲೊಮಿಟಿ ಸೂಪರ್‌ಸ್ಕೀ ಪಾಸಿನ ಆಸೆ ಬಿಟ್ಟು ಆಲ್ಮ್ ಮತ್ತು ಪಕ್ಕದ ಕಣಿವೆಗೆ ಮಾತ್ರ ಸಲ್ಲುವುದನ್ನು ಕೊಂಡೆವು. ಹಿರಿಯರಿಗೆ ಬೆಚ್ಚನೆಯ ಬಟ್ಟೆ, ಬೂಟುಗಳನ್ನು ಮ್ಯೂನಿಕ್‌ನ ಗೆಳೆಯರಿಂದ ಕೇಳಿ ತಂದೆವು.

ಆ ವಾರ

ವಾರವಿಡೀ ಬಿಸಿಲಿತ್ತು. ಭಾನುವಾರ ಹಿರಿಯರು ಹಳ್ಳಿಯಲ್ಲೇ ಉಳಿದರು. ಸೋಮವಾರ ಆರೂ ಜನ ಗೊಂಡೋಲ ಹತ್ತಿದೆವು. ಅವ್ವ ಇಳಕಲ್ ಸೀರೆಯನ್ನು ಗೆಣ್ಣಿನ ಮೇಲಕ್ಕೆ ಎತ್ತಿ ಉಟ್ಟು, ಒಳಗೆ ಉಣ್ಣೆಯ ಪೈಜಾಮ, ಮೇಲೆ ನನ್ನ ಉದ್ದ ಕೋಟು, ಕಾಲಿಗೆ ಹಿಮದ ಬೂಟು ಹಾಕಿದ್ದಳು. ಬೂಟಿನ ತಳಕ್ಕೆ ರಬ್ಬರಿನ ಮುಳ್ಳುಪಟ್ಟಿ ಬಿಗಿದಿದ್ದೆವು. ಮೇಲೆ ಇಳಿದ ಕೂಡಲೇ ಎದುರಿಗೆ ಲಾಂಗ್‌ಕೋಫೆಲ್, 3181 ಮೀಟರ್. ಬಿಳಿಯ ಬಯಲಿನಿಂದ ನೇರ ಎದ್ದು ನಿಂತ ಬೂದು ಕಲ್ಲಿನ ಗೋಡೆ. ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು. ಚಳಿ ಅಪ್ಪಾ, ಹಾಕಿಕೊಳ್ಳಿ ಎಂದರೂ ಕೇಳಲಿಲ್ಲ.

ಮಗನಿಗೆ ಒಂದೇ ಜೊತೆ ತೆಳುವಾದ ಕಾಲುಚೀಲ. ಅಂಗಳದ ಅಂಚಿನಲ್ಲಿ ಚಲಿಸುವ ಪಟ್ಟಿ. ಮಕ್ಕಳು ಅದರ ಮೇಲೆ ನಿಂತರೆ ಅದೇ ಮೇಲಕ್ಕೆ ಒಯ್ಯುತ್ತದೆ. ಅವನು ನನ್ನ ಕೋಟು ಹಿಡಿದು ಬಿಡಲಿಲ್ಲ. ಆಗ ಅಪ್ಪ ಬಂದು ಬೇಲಿಯ ಆಚೆ ನಿಂತು, "ತಮ್ಮಾ, ನಾನು ಇಲ್ಲೇ ಇರುತ್ತೇನೆ, ಎಲ್ಲಿಗೂ ಹೋಗುವುದಿಲ್ಲ" ಎಂದರು. ಕಲಿಸುವವಳು ಸ್ಕೀಗಳ ಮುಂದಿನ ತುದಿ ಕೂಡಿಸಿ ಹಿಂಬದಿ ಅಗಲಿಸಿ, "ಪಿಜ್ಜಾ!" ಎಂದು ಕೂಗಿದಳು, ಹಾಗೆ ಮಾಡಿದರೆ ನಿಲ್ಲುತ್ತದೆ. ಬೇಲಿಯ ಆಚೆಯಿಂದ ಅಜ್ಜನೂ "ಪಿಜ್ಜಾ, ತಮ್ಮಾ, ಪಿಜ್ಜಾ!" ಎಂದು ಕೂಗಿದರು. ಮೂರನೆಯ ಸುತ್ತಿಗೆ ಹುಡುಗ ಬೇಲಿಗೆ ಒಂದು ಮಾರು ದೂರದಲ್ಲಿ ತಾನಾಗಿಯೇ ನಿಂತ. ಅಪ್ಪ ಆ ವಾರದ ಐದೂ ಬೆಳಗು ಆ ಬೇಲಿಯ ಬಳಿ ಹಾಜರಿದ್ದರು. ಕಲಿಕೆಯ ಅಂಗಳ ಗೊಂಡೋಲದ ಬಾಗಿಲಿಗೆ ಹತ್ತಿರ ಇರಬೇಕು ಎಂದು ನಾನು ಹಟ ಹಿಡಿದಿದ್ದು ಇದಕ್ಕಾಗಿಯೇ.

ಅವ್ವ ದಿನಕ್ಕೆ ಒಂದು ದಾರಿಯಂತೆ ಕೋಲೂರಿ ಅರ್ಧ ಗಂಟೆ ನಡೆದು, ಬಿಸಿಲಿನ ಬೆಂಚಿನಲ್ಲಿ ಕೂರುತ್ತಿದ್ದಳು. ಒಂದು ದಿನ ಇಬ್ಬರೂ ಕುದುರೆ ಎಳೆಯುವ ಜಾರುಬಂಡಿಯಲ್ಲಿ ಹೋಗಿ ಬಂದರು. ಮಧ್ಯಾಹ್ನಕ್ಕೆ ಚೀಲದಲ್ಲಿ ಧಾರವಾಡದಿಂದ ತಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಮೂರನೆಯ ದಿನ ಗುಡಿಸಲೊಂದರಲ್ಲಿ ಸೂಪಿನ ಜೊತೆ ತಟ್ಟೆಯಲ್ಲಿ ಏನೋ ತಂದಿಟ್ಟರು. ಅವ್ವ ಒಂದು ಚೂರು ಮುರಿದಳು, ಟಕ್ಕೆಂದು ಸದ್ದಾಯಿತು. ಮೂಸಿ ನೋಡಿ, "ಇದರಲ್ಲಿ ಮೆಂತ್ಯ ಇದೆ" ಎಂದಳು. ಅದು ಶುಟ್ಟೆಲ್‌ಬ್ರೋಟ್, ಆ ನಾಡಿನ ರೈತರು ತಿಂಗಳುಗಟ್ಟಲೆ ಇಟ್ಟು ತಿನ್ನುವ ರೈ ಹಿಟ್ಟಿನ ತೆಳು ಒಣರೊಟ್ಟಿ. ಸೋಂಪು, ಕ್ಯಾರವೇ ಜೀರಿಗೆಯ ಜೊತೆ ಅಲ್ಲಿನ ಮೆಂತ್ಯದ ಜಾತಿಯ ನೀಲಿ ಹೂವಿನ ಗಿಡವನ್ನು ಪುಡಿಮಾಡಿ ಹಾಕುತ್ತಾರೆ. ಅವ್ವ ತನ್ನ ಚೀಲದಿಂದ ಕಡಕ್ ರೊಟ್ಟಿ ತೆಗೆದು ಬಡಿಸುವವಳ ಕೈಗಿತ್ತಳು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಇಬ್ಬರೂ ರೊಟ್ಟಿ ಮುರಿದು ಸದ್ದು ಕೇಳಿ ನಕ್ಕರು.

ಎಲ್ಲವೂ ಸರಿಯಾಯಿತೆಂದು ಹೇಳಲಾರೆ. ಮಾರ್ಚಿನ ಬಿಸಿಲಿಗೆ ಮಧ್ಯಾಹ್ನದ ಮೇಲೆ ಹಿಮ ತೋಯ್ದು ಭಾರವಾಗುತ್ತಿತ್ತು; ಎರಡು ಗಂಟೆಗೆಲ್ಲ ನಿಲ್ಲಿಸಬೇಕಾಗುತ್ತಿತ್ತು. ನಾಲ್ಕನೆಯ ದಿನಕ್ಕೆ ಮಗಳಿಗೆ ನೀಲಿ ಹಾದಿಗಳು ಸಪ್ಪೆಯಾದವು. ಮೆತ್ತನೆಯ ಕ್ಷೇತ್ರದ ಮಿತಿ ಅದು, ನಮಗೆ ಗೊತ್ತಿದ್ದೇ ಒಪ್ಪಿಕೊಂಡಿದ್ದೆವು. ಪತಿ ಸೆಲ್ಲ ಶಿಖರಗಳ ಸುತ್ತ ಹೋಗುವ ಪ್ರಸಿದ್ಧ ಸುತ್ತನ್ನು ಮಾಡುವ ಆಸೆಯಲ್ಲಿದ್ದರು. ಅದಕ್ಕೆ ಬೆಳಿಗ್ಗೆ ಬೇಗ ಹೊರಟು ಇಡೀ ದಿನ ಬೇಕು. ಆ ದಿನವನ್ನು ಅವರು ಮಗಳಿಗೆ ಕೊಟ್ಟರು. ಇಬ್ಬರೂ ಆಲ್ಮ್‌ನ ಕೆಂಪು ಹಾದಿಗಳನ್ನು ಒಂದೊಂದಾಗಿ ಇಳಿದು, ಸಂಜೆ ಕೆನ್ನೆ ಕೆಂಪಗೆ ಮಾಡಿಕೊಂಡು ಬಂದರು.

ಶುಕ್ರವಾರ ಕಡೆಯ ಗೊಂಡೋಲಕ್ಕೆ ಮುಂಚೆ ಸೂರ್ಯ ಇಳಿಯತೊಡಗಿದಾಗ ಲಾಂಗ್‌ಕೋಫೆಲ್ ಮೊದಲು ಕೇಸರಿ, ಆಮೇಲೆ ಗುಲಾಬಿ ಬಣ್ಣಕ್ಕೆ ತಿರುಗಿತು. ಲಾದಿನ್ ಜನ ಇದಕ್ಕೆ ಎನ್ರೊಸಾದಿರ ಎನ್ನುತ್ತಾರೆ. ಅಪ್ಪ ಮೊಮ್ಮಗಳ ಭುಜದ ಮೇಲೆ ಕೈಯಿಟ್ಟು ಹವಳದ ಕಥೆ ಹೇಳುತ್ತಿದ್ದರು.

ಈ ಬರುವ ಚಳಿಗಾಲ ಅಪ್ಪ ಅವ್ವ ಬರುವುದಿಲ್ಲ. ಮಗನಿಗೆ ಅಳು ಹೋಗಿದೆ, ಮಗಳಿಗೆ ಕೆಂಪು ಹಾದಿ ಬೇಕು. ಹೊಸ ಕಾಗದದ ಮೇಲೆ ನಾಲ್ಕೇ ಹೆಸರು. ಊರುಗಳ ಪಟ್ಟಿಯಲ್ಲಿ ಈಗ ಜೆರ್ಫಾಸ್ ಮೊದಲಿದೆ. ಅವ್ವ ಧಾರವಾಡಕ್ಕೆ ಎರಡು ಪೊಟ್ಟಣ ಶುಟ್ಟೆಲ್‌ಬ್ರೋಟ್ ಒಯ್ದಿದ್ದಳು. ಜೂನ್‌ವರೆಗೂ ಕೆಡಲಿಲ್ಲವಂತೆ, ಮೊಸರಿನಲ್ಲಿ ನೆನೆಸಿ ತಿಂದು ಮುಗಿಸಿದರಂತೆ.